ಬೇರಿಂಗ್ ಸರಿಯಿರುವ ಬಗ್ಗೆ

ಹೇಳಿಕೆ ಕೊಡುವವನು ಹೋದ ಸೋಮವಾರದ ದೂರಿನ ದೂರುದಾರ. ವಯಸ್ಸು ಐವತ್ತಾರು. ಕಸುಬು ಕಬ್ಬಿಣ ಕೆತ್ತುವ ಮಿಲ್ಲಿಂಗ್ ಯಂತ್ರದ ಕೆಲಸ. ವಾಸ, ನೀರಿನ ಟ್ಯಾಂಕಿನ ಹಿಂದಿನ ಅಡ್ಡರಸ್ತೆ, ಎಡಗಡೆ ಮೂರನೇ ಮನೆ.

ಈ ದಿನ ನಾನಾಗಿಯೇ ಠಾಣೆಗೆ ಬಂದು ಹೇಳಿ ಬರೆಸುವುದೇನೆಂದರೆ, ನಾನು ದುಡಿಯುತ್ತಿದ್ದ ವರ್ಕ್‌ಶಾಪಿನವರು ಕಳೆದ ವರ್ಷ, ನನ್ನ ಕೈಯಲ್ಲಿ ಅಳತೆ ತಪ್ಪುತ್ತಿದೆ ಎಂದು ನನ್ನನ್ನು ಕೆಲಸದಿಂದ ಬಿಡಿಸಿದರು. ತಪ್ಪು ಅವರ ಸವೆದ ಯಂತ್ರದ್ದು ಎಂದು ನಾನು ನಂಬಿದ್ದೆ. ನನ್ನದೇ ಯಂತ್ರವಿದ್ದರೆ ತೋರಿಸಿಯೇನು ಎಂದು, ಹಳೆಯ ಯಂತ್ರಗಳ ವ್ಯಾಪಾರಿಯಾದ ನನ್ನ ಹೆಂಡತಿಯ ಅಣ್ಣನಿಂದ ಒಂದು ಮಿಲ್ಲಿಂಗ್ ಯಂತ್ರ ತರಿಸಿದೆ. ಅದು ಬಾಗಿಲಲ್ಲಿ ಹಿಡಿಸದೆ ಚೌಕಟ್ಟು ಕಿತ್ತು ಹಿಂದಿನ ಕೋಣೆಗೆ ಇಳಿಸಿದೆವು. ಅದು ಮಗಳು ಮಲಗುತ್ತಿದ್ದ ಕೋಣೆ. ಅವಳೀಗ ಅಡುಗೆಮನೆಯಲ್ಲಿ ಮಲಗುತ್ತಾಳೆ.

ನಾಲ್ಕು ಮೂಲೆಗೂ ತಗಡು ಕೊಟ್ಟು ಯಂತ್ರವನ್ನು ಮಟ್ಟ ಮಾಡಿದೆ. ರಸಮಟ್ಟದ ಗುಳ್ಳೆ ನಡುವೆ ನಿಂತಿತು. ಬಳಿಕ ಯಂತ್ರದ ತಲೆಯನ್ನು ಅದರದೇ ಮೇಜಿಗೆ ನೇರ ಮಾಡಬೇಕು. ಅದಕ್ಕೆ ತಲೆಯಲ್ಲಿ ತಿರುಗುವ ದಂಡಕ್ಕೆ, ಅಂದರೆ ಸ್ಪಿಂಡಲ್‌ಗೆ, ಕೂದಲೆಳೆಯ ವ್ಯತ್ಯಾಸವನ್ನೂ ತೋರಿಸುವ ಡಯಲ್ ಗೇಜ್ ಕಟ್ಟಿ ಕೈಯಿಂದ ನಿಧಾನವಾಗಿ ಒಂದು ಸುತ್ತು ತಿರುಗಿಸುತ್ತಾರೆ. ತಲೆ ನೇರವಿದ್ದರೆ ಗೇಜಿನ ಮುಳ್ಳು ಅಲ್ಲಾಡಬಾರದು. ನನ್ನ ಮುಳ್ಳು ನಡುಗಿತು. ದಿನವೂ ಬೋಲ್ಟು ಸಡಿಲಿಸಿ ಮತ್ತೆ ಬಿಗಿ ಮಾಡಿದೆ. ಕೈ ಬಿಟ್ಟರೆ ಮುಳ್ಳು ನಿಲ್ಲುತ್ತಿತ್ತು, ಕೈ ಇಟ್ಟರೆ ನಡುಗುತ್ತಿತ್ತು. ಸ್ಪಿಂಡಲಿನ ಬೇರಿಂಗ್ ಸವೆದಿದ್ದರೆ ಹಾಗೆಯೇ ಆಗುತ್ತದೆ. ಸವೆದ ಬೇರಿಂಗಿಗೆ ಗ್ರೀಸ್ ಮೆತ್ತಿ ಭಾವ ಮೋಸ ಮಾಡಿದ್ದಾನೆ ಎಂದು ದೂರು ಕೊಟ್ಟೆ. ಹೆಂಡತಿ ಬೇಡವೆಂದಳು. ಏಕೆಂದು ಕೇಳಿದರೆ ಹೇಳಲಿಲ್ಲ. ಅಣ್ಣನ ಪರ ಸೇರಿದ್ದೀಯೆ ಎಂದು ಬೈದೆ.

ನಿನ್ನೆ ಬೆಳಿಗ್ಗೆ ಹತ್ತೂವರೆಗೆ ಠಾಣೆಯ ಪೇದೆಯವರು ಭಾವನನ್ನು ಕರೆದುಕೊಂಡು ಮನೆಗೆ ಬಂದರು. ಭಾವ ಒಳಗೆ ಕಾಲಿಡುತ್ತಲೇ, ಏನ್ ಭಾವ, ನನ್ ತಂಗೀನ ಕೊಟ್ಟಾಗ ಒಂದ್ ತಕರಾರೂ ತೆಗೀಲಿಲ್ಲ, ಕಬ್ಬಿಣ ಕೊಟ್ಟಿದ್ದಕ್ಕೆ ಪೊಲೀಸ್ರನ್ನ ಕರೆಸಿದ್ಯಲ್ಲ ಎಂದ. ಪೇದೆಯವರು ನಕ್ಕರು. ನಾನು ಸ್ಪಿಂಡಲ್ ತಿರುಗಿಸಿ, ನೋಡಿ ಎಂದೆ. ಮುಳ್ಳು ನಡುಗಿತು. ಭಾವ ಗೇಜು ನೋಡಲಿಲ್ಲ, ನನ್ನ ಕೈ ನೋಡಿದ. ಆಮೇಲೆ ಅವನು ತಮಾಷೆ ಮಾಡಲಿಲ್ಲ. ಬೇರಿಂಗೇ ಹೋಗಿದೆ ಸಾರ್, ಗೊತ್ತಿದ್ದೇ ಕೊಟ್ಟೆ, ಹಂಗೇ ಬರ್ಕೊಳ್ಳಿ ಎಂದು ಪೇದೆಯವರ ಮುಂದೆ ತಪ್ಪು ಒಪ್ಪಿಕೊಂಡ.

ಬರೆದುಕೊಳ್ಳುವ ಮುನ್ನ ತಾವೂ ಒಮ್ಮೆ ನೋಡುವುದಾಗಿ ಹೇಳಿ ಪೇದೆಯವರು ಸ್ಪಿಂಡಲ್ ತಿರುಗಿಸಿದರು. ಅವರಿಗೆ ಆ ಕೆಲಸ ಗೊತ್ತಿಲ್ಲ. ಮುಳ್ಳು ಪೂರ್ತಿ ಸುತ್ತು ಸೊನ್ನೆ ಬಿಟ್ಟು ಕದಲಲಿಲ್ಲ. ತಲೆಯನ್ನು ನಾನು ಸರಿಯಾಗಿಯೇ ಕೂರಿಸಿದ್ದೆ.

ಆ ಹೊತ್ತಿಗೆ ಹೆಂಡತಿ ಮೂವರಿಗೂ ಚಹಾ ತಂದಳು. ಅವರಿಬ್ಬರ ಲೋಟ ತುಂಬಿತ್ತು. ನನ್ನದು ತುಳುಕದ ಹಾಗೆ ಅರ್ಧ. ಯಾವಾಗಿನಿಂದ ಹೀಗೆ ಎಂದು ಕೇಳಿದೆ. ನಿಮ್ಮನ್ನ ಕೆಲಸದಿಂದ ತೆಗೆಯೋಕೂ ಮುಂಚಿಂದ, ಹೇಳೋಕೆ ಬಾಯೇ ಬರ್ಲಿಲ್ಲ ರೀ ಎಂದಳು.

ಭಾವ ನನಗೆ ಮೋಸ ಮಾಡಿಲ್ಲ. ಅವನು ಒಪ್ಪಿಕೊಂಡದ್ದು ಸುಳ್ಳು. ಬೇರಿಂಗ್ ಸರಿಯಿದೆ. ಯಂತ್ರದಲ್ಲಿ ಯಾವ ದೋಷವೂ ಇಲ್ಲ. ದೂರನ್ನು ಕೈಬಿಡಬೇಕು.

ಇದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದ್ದೇ ಇದರಲ್ಲಿದೆ, ಸುಳ್ಳಿಲ್ಲ.

ಠಾಣೆಯಲ್ಲಿ, ಗುರುವಾರ, ಮಧ್ಯಾಹ್ನ ಹನ್ನೆರಡೂಕಾಲು.

ಷರಾ: ದೂರುದಾರರಿಗೆ ಓದು ಬರಹ ಬರುತ್ತದೆ. ಮತ್ತೆ ಮತ್ತೆ ಹಾಕಿಸಿದರೂ ರುಜು ಗುರುತಿನ ಚೀಟಿಯ ರುಜುವಿಗೆ ಹೊಂದದ ಕಾರಣ ಎಡಗೈ ಹೆಬ್ಬೆಟ್ಟು ಪಡೆಯಲಾಗಿದೆ. ಒತ್ತುವಾಗ ಕೈ ಅಲುಗದಂತೆ ಹಿಡಿದುಕೊಂಡವರು: ಆರೋಪಿ.