ಎರಡು ಗುಡ್ಡೆ ಸೇವಂತಿಗೆ

ನಮ್ಮ ಹೂ ಬೆಳೆಗಾರರ ಸಂಘದ ಅಧ್ಯಕ್ಷರಾದ ಶಶಿಕುಮಾರ್ ಅವರೇ, ತೋಟಗಾರಿಕೆ ಇಲಾಖೆಯಿಂದ ದಯಮಾಡಿಸಿರುವ ಅತಿಥಿಗಳೇ, ಇವತ್ತು ಸನ್ಮಾನ ಸ್ವೀಕರಿಸುತ್ತಿರುವ ಅಣ್ಣಮ್ಮನವರೇ, ಬಾಗೂರು ಸುತ್ತಮುತ್ತಲ ಹಳ್ಳಿಗಳಿಂದ ಬಂದು, ಫ್ಯಾನಿನ ಕೆಳಗಿನ ಕುರ್ಚಿಗೆ ಜಗಳವಾಡಿ ಕೂತಿರುವ ಸಭಿಕರೇ,

"ಅಣ್ಣಮ್ಮನ ಬಗ್ಗೆ ಎರಡು ಮಾತಾಡಿ ನಂಜಪ್ಪನವರೇ" ಅಂದರು. ನಾನಲ್ಲದೆ ಇನ್ಯಾರು ಮಾತಾಡಬೇಕು ಸ್ವಾಮಿ? ಹಾಸನದ ಮಾರ್ಕೆಟ್ಟಿನಲ್ಲಿ ಅಣ್ಣಮ್ಮನ ಹೂವು ಅಂದರೆ ಕಣ್ಣು ಮುಚ್ಚಿಕೊಂಡು ತಗೋತಾರೆ. ಆ ಅಣ್ಣಮ್ಮ ಮೊಟ್ಟಮೊದಲು ಸೇವಂತಿಗೆ ಸಸಿ ನೆಟ್ಟಿದ್ದು ಯಾರ ಹೊಲದಲ್ಲಿ? ನನ್ನ ಹೊಲದಲ್ಲಿ! ಹನ್ನೊಂದು ವರ್ಷ ನನ್ನ ಎರಡೂವರೆ ಎಕರೆಯನ್ನು ವಾರಕ್ಕೆ ಮಾಡಿದಳು. ಜಮೀನು, ನೀರು ನನ್ನದು, ದುಡಿಮೆ ಅವಳದು, ಹೂವು ಅರ್ಧರ್ಧ. ಬಿಡಿಸಿದ್ದನ್ನು ಬದುವಿನ ಮೇಲೇ ಹಂಚಿಕೊಳ್ಳುತ್ತಿದ್ದೆವು, ನನಗೊಂದು ಮಂಕರಿ, ಅವಳಿಗೊಂದು ಮಂಕರಿ. ನಮ್ಮ ತಾತನ ಕಾಲದಿಂದಲೂ ನಮ್ಮ ಮನೆಯಲ್ಲಿ ವಾರದವರಿಗೆ ಒಂದು ಎಸಳು ಮೋಸ ಆಗಿಲ್ಲ.

ಕೊರೊನಾ ವರ್ಷ ನೆನಪಿದೆಯಲ್ಲ? ಯುಗಾದಿಗೆಂದೇ ಬೆಳೆದಿದ್ದ ಹೂವು. ಹಬ್ಬದ ದಿನವೇ ದೇಶಕ್ಕೆ ಬೀಗ ಬಿತ್ತು. ಗುಡಿ ಇಲ್ಲ, ಮದುವೆ ಇಲ್ಲ, ಚನ್ನರಾಯಪಟ್ಟಣಕ್ಕೆ ಹೊರಟರೆ ಪೊಲೀಸರ ಲಾಠಿ. ಅರಳಿದ್ದನ್ನು ಬಿಡಿಸದಿದ್ದರೆ ಹಿಂದೆ ಬರೋ ಮೊಗ್ಗು ಏಳುವುದಿಲ್ಲ. ನಾನು ಮಾಸ್ಕ್ ಹಾಕಿಕೊಂಡು ಮನೆಯಲ್ಲಿ ಕೂತೆ. ಇವಳು ನಲವತ್ತು ದಿನ ದಿನಾ ಬೆಳಗ್ಗೆ ಬಿಡಿಸಿ ಬಿಡಿಸಿ ಬದುವಿನ ಮೇಲೆ ಸುರಿದಳು. ಕೊಳ್ಳೋಕೆ ಒಂದು ನರಪಿಳ್ಳೆ ಇಲ್ಲ, ಆದರೂ ಎರಡು ಗುಡ್ಡೆ! ಒಂದಿನ ಹೊಲದ ಕಡೆ ಹೋದವನು "ಒಂದೇ ಕಡೆ ಸುರಿಯವ್ವ, ಕೊಳೆಯೋ ಹೂವಿಗೆ ಎಂಥಾ ಪಾಲು?" ಅಂದೆ. "ಇರ್ಲಿ ಬುಡಿ ಗೌಡ್ರೇ. ಕೊಳೆತ್ರೂ ನಿಮ್ದು ನಿಮ್ಗೆ, ನಮ್ದು ನಮ್ಗೆ" ಅಂದಳು. ಎಂಥಾ ಹೆಂಗಸು ನೋಡಿ!

ಆಮೇಲೆ ಸರ್ಕಾರ ಹೂವಿನವರಿಗೆ ಹೆಕ್ಟೇರಿಗೆ ಇಪ್ಪತ್ತೈದು ಸಾವಿರ ಪರಿಹಾರ ಅಂತ ಹೇಳಿತು. ನಮ್ಮೂರಲ್ಲಿ ಮೊದಲು ಅರ್ಜಿ ಕೊಟ್ಟವನೂ ನಾನೇ, ಮೊದಲು ದುಡ್ಡು ಬಂದಿದ್ದೂ ನನಗೇ! ಹೊಲ ನೋಡೋಕೆ ಬಂದ ಸಾಹೇಬರು "ಯಾವ ತಳಿ, ಯಾವಾಗ ನೆಟ್ಟಿದ್ದು?" ಅಂದರು. ನನಗೇನು ಗೊತ್ತು? ಇವಳು ಹಿಂದಿನಿಂದ ಪಿಸುಗುಟ್ಟಿದಳು, ನಾನು ಗಿಣಿ ಹಾಗೆ ಒಪ್ಪಿಸಿದೆ. ನಗಬೇಡಿ, ಮುಂದಿನ ಸಾಲಿನಲ್ಲಿ ಕೂತಿರೋ ಅರ್ಧ ಜನದ ಕಥೆಯೂ ಇಷ್ಟೇ. "ಇದೇನ್ರೀ ಎರಡು ಗುಡ್ಡೆ?" ಅಂದರು ಸಾಹೇಬರು. "ಒಂದು ಗೌಡ್ರದು, ಒಂದು ನಂದು ಸಾ" ಅಂದಳು. ನಾನು ನಡುವೆ ಬಾಯಿ ಹಾಕಿದೆ. "ಅವಳದೇನಿಲ್ಲ ಸಾರ್, ಎರಡೂ ನಮ್ಮವೇ. ಪಹಣಿ ನನ್ನ ಹೆಸರಲ್ಲೈತೆ, ಬರ್ಕೊಳ್ಳಿ."

ಕಾಗದದ ಪ್ರಕಾರ ಸರಿಯೇ ತಾನೆ? ದುಡ್ಡು ಬಂದ ಮೇಲೆ ಮನೆ ಹತ್ತಿರ ಬಂದಳು. "ಗೌಡ್ರೇ, ಅದ್ರಾಗೆ ನಂಗೂ ಏನಾರ ಬತ್ತದಾ?" "ಹೂವಲ್ಲಿ ಪಾಲು ಕಣವ್ವ, ಸರ್ಕಾರದ ದುಡ್ಡಲ್ಲಿ ಅಲ್ಲ" ಅಂದೆ. "ಆಯ್ತು ಬುಡಿ" ಅಂದು ಹೋದಳು. ಮುಂದಿನ ಸಲ ಸಸಿ ನೆಡೋಕೆ ಬರಲೇ ಇಲ್ಲ. ಬೇರೆಯವರ ಒಂದು ಎಕರೆ ಗುತ್ತಿಗೆ ಹಿಡಿದಳು. ಅದರಲ್ಲೇ ಗೆದ್ದು ಇಲ್ಲಿ ಬಂದು ಕೂತಿದ್ದಾಳೆ. ನನ್ನ ಎರಡೂವರೆ ಎಕರೆಯಲ್ಲಿ ಈಗ ಮುಸುಕಿನ ಜೋಳ, ಅದೂ ಸೊಂಟದೆತ್ತರ ಬಂದಿಲ್ಲ. ಹೂವು ಬೆಳೆಯೋಕೆ ನನಗೆ ಯಾವತ್ತು ಬರ್ತಿತ್ತು?

ಥೂ, ಇದು ನಾನು ಬರೆದುಕೊಂಡು ಬಂದ ಚೀಟಿಯಲ್ಲಿಲ್ಲ. ಬಾಯಿಗೆ ಬಂದುಬಿಟ್ಟಿತು, ಇನ್ನು ನುಂಗೋಕಾಗಲ್ಲ. ಅಣ್ಣಮ್ಮ, ಆ ಪರಿಹಾರದ ದುಡ್ಡಲ್ಲಿ ಅರ್ಧ, ಹನ್ನೆರಡೂವರೆ ಸಾವಿರ ನಿಂದು. ನಾಳೆ ಬೆಳಗ್ಗೆ ನಾನೇ ನಿಮ್ಮನೆಗೆ ತರ್ತೀನಿ. ಬೇಡ ಅಂತ ತಲೆ ಅಲ್ಲಾಡಿಸಬೇಡ, ನನಗೆ ನಾಚಿಕೆ ಆಗ್ತಿದೆ.

ಮಾತಾಡೋಕೆ ಕರೆದ ಸಂಘಕ್ಕೆ, ಕೇಳಿಸಿಕೊಂಡ ನಿಮಗೆಲ್ಲ ಧನ್ಯವಾದ. ಇವತ್ತಿಗೂ ದಾರಿಯಲ್ಲಿ ಸಿಕ್ಕರೆ ಮೊದಲು ಕೈ ಮುಗಿಯೋಳು ಅವಳು. ಹೂಂ ಅಂದುಕೊಂಡು ಹೋಗೋನು ನಾನು. ಸಭಿಕರೇ, ಬೇಜಾರು ಮಾಡ್ಕೋಬೇಡಿ, ನಿಮಗೆ ಆಮೇಲೆ. ಮೊದಲು, ಅಣ್ಣಮ್ಮ, ನಿನಗೆ ನಮಸ್ಕಾರ.