ನಡುವಿನ ಹಲಗೆ

ಜಪಾನೀ ನೂಡಲ್ಸ್ ಹೋಟೆಲಿನ ಹೊರಗೆ ಮಧ್ಯಾಹ್ನದ ಸಾಲು ಉದ್ದವಾಗಿತ್ತು. ಒಳಗೆ ಒಬ್ಬೊಬ್ಬರಿಗೂ ಗೋಡೆಗೆ ಮುಖ ಮಾಡಿದ ಒಂದೊಂದು ಸೀಟು, ಎಡಬಲಕ್ಕೆ ಮರದ ಹಲಗೆ. ಅಲ್ಲಿ ಮಾತಾಡುವಂತಿಲ್ಲ. ನಿವೃತ್ತ ದಾದಿಯೊಬ್ಬಳ ಮುಂದೆ ಅಕ್ಕ ತಂಗಿ ನಿಂತಿದ್ದರು.

“ಎರಡು ವರ್ಷ ಆದ್ಮೇಲೆ ಸಿಕ್ಕಿದೀವಿ. ಕೂತು ಮಾತಾಡೋ ಅಂಥ ಜಾಗ ಸಿಗಲಿಲ್ವಾ ಅಕ್ಕ?”

“ಇಲ್ಲಿ ಬಾಯಿ ತಿನ್ನೋಕೆ ಮಾತ್ರ ತೆಗೀಬೇಕು. ನಿನಗೆ ಹೇಳಿ ಮಾಡಿಸಿದ ಹಾಗಿದೆ.”

“ಅವತ್ತು ಗಂಡಿನ ತಾಯಿನೇ ಕೇಳಿದ್ರು ಅಕ್ಕ. ಪುಟ್ಟಿಗೆ ಚಿಕ್ಕಂದಿನಲ್ಲಿ ಫಿಟ್ಸ್ ಬರ್ತಿತ್ತು ಅಂತ ಬಾಯಿ ತಪ್ಪಿ ಬಂದ್ಬಿಡ್ತು.”

“ಸಂಬಂಧ ಮುರಿದುಬಿತ್ತು. ನನ್ನ ಮಗಳು ಇವತ್ತಿಗೂ ನಾಲ್ಕು ಜನ ಇರೋ ಕಡೆ ಬರಲ್ಲ.”

“ಒಂದ್ಸಲ ಅವಳ ಹತ್ರ ಕರ್ಕೊಂಡು ಹೋಗು. ಕ್ಷಮೆ ಕೇಳ್ತೀನಿ.”

“ಅವಳಿಗೆ ಈಗ ಚಿಕ್ಕಮ್ಮ ಅಂತ ಯಾರೂ ಇಲ್ಲ.”

ಆರ್ಡರಿನ ಚೀಟಿಗಳು ಕೈಗೆ ಬಂದವು. ಅಕ್ಕ, ತಂಗಿಯ ಚೀಟಿಯನ್ನೂ ಕಿತ್ತುಕೊಂಡು, ಕೇಳದೆಯೇ ‘ಖಾರ ಬೇಡ’ ಎಂಬಲ್ಲಿ ಗುರುತು ಹಾಕಿ ಕೊಟ್ಟಳು. ಅದನ್ನು ಕಂಡು, ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದ ದಾದಿಯ ಮನಸ್ಸು ಹಗುರಾಯಿತು.

“ನನಗೆ ಖಾರ ಆಗಲ್ಲ ಅಂತ ಇನ್ನೂ ನೆನಪಿದೆಯಲ್ಲ ಅಕ್ಕ.”

“ನೀನು ಪಕ್ಕದಲ್ಲಿ ಕೆಮ್ತಾ ಕೂತ್ರೆ ನನಗೆ ಊಟ ಸೇರಲ್ಲ.”

ಅಷ್ಟರಲ್ಲಿ ಬಾಗಿಲಲ್ಲಿದ್ದ ಸರ್ವರ್ ಕರೆದ. ತಂಗಿಯ ಒದ್ದೆ ಕಣ್ಣು ನೋಡಿ ದನಿ ತಗ್ಗಿಸಿದ.

“ಒಟ್ಟಿಗೆ ಬಂದೋರಿಗೆ ಮಧ್ಯದ ಹಲಗೆ ಮಡಚಿ ಕೊಡ್ತೀವಮ್ಮ. ಮಾತಾಡಬಹುದು. ಮಡಚಲಾ?”

“ಹೂಂ,” ಎಂದಳು ತಂಗಿ.

“ನಾವು ಒಟ್ಟಿಗೆ ಬಂದಿಲ್ಲ,” ಎಂದಳು ಅಕ್ಕ. “ಇವರು ಯಾರೋ. ಸಾಲಲ್ಲಿ ನಿಂತಿದ್ದಾಗ ಮಾತಾಡ್ಸಿದ್ರು ಅಷ್ಟೆ.”

ಹಿಂತಿರುಗಿ ನೋಡದೆ ಅವಳು ಒಳಗೆ ನಡೆದಳು. ತಂಗಿ ತನ್ನ ಚೀಟಿ ಹಿಡಿದುಕೊಂಡು ಹಿಂದೆಯೇ ಹೋದಳು.