ಸಮುದ್ರ ನೋಡೋರು ಯಾರು?

ಗ್ಯಾರೇಜಿನ ಬೆಂಚಿನ ಮೇಲೆ ಅಂಚೆಯಣ್ಣ ತನ್ನ ಬೈಕಿಗಾಗಿ ಕಾಯುತ್ತಿದ್ದ. ಪಕ್ಕದಲ್ಲಿ ಗಂಡಹೆಂಡಿರು ನಕ್ಷೆ ಹರಡಿ ಕೂತಿದ್ದರು. ಕಂಡವರ ಮಾತಿಗೆ ಕಿವಿಗೊಡಬಾರದು ಅಂತ ಅವನಿಗೆ ಗೊತ್ತು, ಅವನ ಕಿವಿಗೆ ಗೊತ್ತಿಲ್ಲ.

“ಕಡಲಂಚಿನ ರಸ್ತೆ ಕಣೇ! ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಇನ್ನೂರು ತಿರುವು!”

“ತಿರುವು ಅಂದ್ರೆ ನಂಗೆ ವಾಂತಿ. ಮಾತ್ರೆ ನುಂಗಿ ಕಣ್ಮುಚ್ಚಿ ಮಲಗ್ತೀನಿ.”

“ಮಲಗು. ನಾನೂ ರಸ್ತೆ ಬಿಟ್ಟು ಅತ್ತಿತ್ತ ನೋಡೋ ಹಾಗಿಲ್ಲ.”

“ಕಡಲ ಕಡೆ ಅತ್ತೆಯವರನ್ನ ಕೂರಿಸೋಣ.”

“ಅಮ್ಮನ್ನಾ? ಕಾರು ಗೇಟು ದಾಟೋದ್ರೊಳಗೆ ಗೊರಕೆ ಹೊಡೀತಾಳೆ.”

“ಮತ್ತೆ ಸಮುದ್ರ ನೋಡೋರು ಯಾರು ರೀ?”

“ಮುಂದಿನ ಗಾಜಿಗೆ ಕ್ಯಾಮೆರಾ ಹಾಕಿಸ್ತಿದ್ದೀನಲ್ಲ. ಮನೆಗೆ ಬಂದು ಟಿವಿಯಲ್ಲಿ ನೋಡೋಣ.”

“ಅಷ್ಟಕ್ಕೆ ಅಲ್ಲೀತನಕ ಯಾಕೆ?”

“ಎದುರುಮನೆಯೋರು ಹೋಗಿಬಂದ್ರಲ್ಲೇ!”

“ಬಂದು ನಮ್ಮನ್ನ ಮೂರು ಗಂಟೆ ಕೂರಿಸಿ ವಿಡಿಯೋ ತೋರಿಸಿದ್ರು. ಕಂಡಿದ್ದೇನು? ಮುಂದೆ ಹೋಗ್ತಿದ್ದ ಲಾರಿಯ ಹಿಂಭಾಗ.”

“ಅದಕ್ಕೇ ಹೇಳಿದ್ದು. ನಾವೂ ಅವರಿಗೆ ತೋರಿಸೋದು ಬೇಡ್ವಾ?”

ಒಳಗಿಂದ ಮೆಕ್ಯಾನಿಕ್ಕು, “ಸಾರ್, ಕಾರು ರೆಡಿ,” ಎಂದು ಕೂಗಿದ. ಮೊದಲು ಎದ್ದವಳು ಹೆಂಡತಿಯೇ. ನಕ್ಷೆಯನ್ನು ಮಡಚಿ ಚೀಲಕ್ಕೆ ತುರುಕಿದಳು.

“ನಡೀರಿ. ನಾವು ನಾಲ್ಕು ಗಂಟೆ ತೋರಿಸೋಣ.”